ತಿಂಗಳಿಗೊಂದು ಕಲಾಪ್ರದರ್ಶನ: ಊರಿನ ಕಲಾವಿದರಿಗೆ ಊರಿನಲ್ಲೇ ಗೋಡೆ ಒದಗಿಸುವ ಬಗೆ

ಪ್ರತಿ ವರ್ಷ ಜನವರಿಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ರಾಜ್ಯದ ಮೂಲೆಮೂಲೆಗಳಿಂದ ಕಲಾವಿದರು ತಮ್ಮ ಚಿತ್ರಗಳನ್ನು ಹೊತ್ತು ಬರುತ್ತಾರೆ. ರಾತ್ರಿಯ ಬಸ್ಸು ಹಿಡಿದು ಬಂದು, ಬೆಳಗಾಗುವ ಹೊತ್ತಿಗೆ ತಮ್ಮ ಪಾಲಿನ ಜಾಗದಲ್ಲಿ ಚಿತ್ರಗಳನ್ನು ಜೋಡಿಸಿ, ಸಂಜೆಯವರೆಗೆ ಸಾವಿರಾರು ಅಪರಿಚಿತರ ಮುಂದೆ ನಿಲ್ಲುವ ಇವರಲ್ಲಿ ಅನೇಕರಿಗೆ ತಮ್ಮ ಸ್ವಂತ ಊರಿನಲ್ಲಿ ಒಂದು ಚಿತ್ರವನ್ನು ತೂಗುಹಾಕಲು ಸಾರ್ವಜನಿಕವಾದ ಒಂದು ಗೋಡೆಯೂ ಇರುವುದಿಲ್ಲ. ಊರಿನವರಿಗೆ ಅವರು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು, ಗಣಪತಿ ಮಾಡುವವರು, ಇಲ್ಲವೇ ಬೋರ್ಡ್ ಬರೆಯುವವರು. ಅವರು ಮನೆಯ ಅಟ್ಟದಲ್ಲಿ ಬರೆದು ಇಟ್ಟಿರುವ ಚಿತ್ರಗಳನ್ನು ಪಕ್ಕದ ಬೀದಿಯವರೂ ಕಂಡಿರುವುದಿಲ್ಲ. ಉಡುಪಿಯ ಸಮೀಪದ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರೂ ಕಲಬುರಗಿಯ ಎಸ್. ಎಂ. ಪಂಡಿತರೂ ಹೆಸರು ಗಳಿಸಿದ್ದು ಮುಂಬೈಗೆ ಹೋದ ಮೇಲೆ. ಕಲಬುರಗಿಯ ರಂಗಮಂದಿರ ಇಂದು ಪಂಡಿತರ ಹೆಸರನ್ನು ಹೊತ್ತಿರುವುದು ಸಂತೋಷದ ಸಂಗತಿ. ಆದರೆ ಊರು ಬಿಟ್ಟು ಹೋಗದ, ಈಗಲೂ ಬರೆಯುತ್ತಿರುವ ಕಲಾವಿದರನ್ನು ಊರು ಈಗಲೇ ಕಾಣುವಂತಾಗಬೇಕೆಂಬುದು ನನ್ನ ಆಸೆ.

ತಿಂಗಳಿಗೊಮ್ಮೆ ತಪ್ಪದೆ ಒಂದು ಪ್ರದರ್ಶನವನ್ನು ತೆರೆಯುವುದು, ಏಳೆಂಟು ಜನ ಮನಸ್ಸು ಮಾಡಿ ಒಂದು ಸಂಘ ಕಟ್ಟಿಕೊಂಡರೆ, ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಆಗುವ ಕೆಲಸ. ಅದನ್ನು ನಡೆಸುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಉದ್ಘಾಟನೆಯ ಸಂಜೆ ಕೃತಿಗಳಿಗೆ ಸೇರಬೇಕು, ವೇದಿಕೆಗೆ ಅಲ್ಲ ಎಂಬ ಒಂದು ಮಾತಿನ ಮೇಲೆ ನನ್ನ ಒತ್ತೆಲ್ಲ ಇದೆ. ಉಳಿದ ಸಿದ್ಧತೆಗಳೆಲ್ಲ ಆ ಸಂಜೆಯನ್ನು ಸಾಧ್ಯಮಾಡುವುದಕ್ಕಾಗಿ ಇರುವಂಥವು.

ಮೊದಲು ದಿನ, ಆಮೇಲೆ ಜಾಗ

ಜಾಗ ಸಿಕ್ಕಿದ ಮೇಲೆ ದಿನ ನಿಶ್ಚಯಿಸೋಣ ಎಂದು ಹೊರಟರೆ ಪ್ರದರ್ಶನ ತಿಂಗಳ ಪರಿಪಾಠವಾಗುವುದಿಲ್ಲ. ದಿನವನ್ನು ಮೊದಲು ಗೊತ್ತುಮಾಡಿ, ವರ್ಷವಿಡೀ ಅದನ್ನು ಬದಲಿಸದೆ ಇರಬೇಕು. ಎರಡನೇ ಶನಿವಾರ ಒಳ್ಳೆಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಂದು ಸರ್ಕಾರಿ ಕಚೇರಿಗಳಿಗೂ ಬ್ಯಾಂಕುಗಳಿಗೂ ರಜೆ ಇರುತ್ತದೆ, ಮಧ್ಯಾಹ್ನದವರೆಗೆ ತೂಗುಹಾಕುವ ಕೆಲಸಕ್ಕೆ ಕೈಗಳು ಸಿಗುತ್ತವೆ, ಸಂಜೆ ಐದರಿಂದ ಎಂಟರವರೆಗೆ ಬಾಗಿಲು ತೆರೆದಿಟ್ಟರೆ ಮರುದಿನ ಭಾನುವಾರವೂ ಪ್ರದರ್ಶನ ಮುಂದುವರಿಯುತ್ತದೆ. 'ಎರಡನೇ ಶನಿವಾರ ಅಂದರೆ ಚಿತ್ರ ನೋಡುವ ದಿನ' ಎಂದು ಜನರ ಬಾಯಲ್ಲಿ ಬರುವುದಕ್ಕೆ ಒಂದು ವರ್ಷ ಬೇಕಾದೀತು. ಮೊದಲ ಕೆಲವು ತಿಂಗಳು ಹದಿನೈದು ಜನ ಬಂದರೂ ದಿನ ತಪ್ಪಿಸಬಾರದು.

ದಿನ ಗೊತ್ತುಮಾಡುವಾಗ ಊರಿನ ಪಂಚಾಂಗವನ್ನು ಮುಂದಿಟ್ಟುಕೊಳ್ಳಿ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ, ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುವಾಗ ಆ ಊರುಗಳಲ್ಲಿ ಬೇರೆ ಯಾವ ಕಾರ್ಯಕ್ರಮಕ್ಕೂ ಜನ ಉಳಿಯುವುದಿಲ್ಲ. ಕರಾವಳಿಯಲ್ಲಿ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯ ಭಾಗದವರೆಗೆ, ಯಕ್ಷಗಾನ ಮೇಳಗಳ ತಿರುಗಾಟವಿರುತ್ತದೆ. ಇಂಥ ಸಂದರ್ಭಗಳಲ್ಲಿ ದಿನವನ್ನು ಮುಂದೂಡುವುದಕ್ಕಿಂತ ವಿಷಯವನ್ನು ಅದಕ್ಕೆ ಹೊಂದಿಸುವುದು ಜಾಣತನ. ಜಾತ್ರೆಯ ತಿಂಗಳಲ್ಲಿ ರಥ ಅಲಂಕರಿಸುವವರ, ಮುಖವಾಡ ಮಾಡುವವರ, ವೇಷಭೂಷಣ ಕಟ್ಟುವವರ ಕೆಲಸವನ್ನು ಪ್ರದರ್ಶನಕ್ಕಿಟ್ಟು, ಸಮಯವನ್ನು ಮಧ್ಯಾಹ್ನಕ್ಕೆ ತಂದರೆ ಜಾತ್ರೆಗೆ ಬಂದವರೇ ಪ್ರೇಕ್ಷಕರಾಗುತ್ತಾರೆ.

ಜಾಗದ ವಿಷಯದಲ್ಲಿ ದೊಡ್ಡ ಆಸೆ ಬೇಡ. ಜಿಲ್ಲಾ ಕೇಂದ್ರಗಳಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ರಂಗಮಂದಿರಗಳ ಮೊಗಸಾಲೆ, ಗ್ರಂಥಾಲಯದ ಸಭಾಂಗಣ, ಕಾಲೇಜಿನ ಒಂದು ದೊಡ್ಡ ಕೊಠಡಿ, ಮುಚ್ಚಿರುವ ಹಳೆಯ ಅಕ್ಕಿ ಗಿರಣಿ, ಹೆಂಚಿನ ಮನೆಯ ಉದ್ದನೆಯ ಜಗುಲಿ, ಇವುಗಳಲ್ಲಿ ಯಾವುದಾದರೂ ಆಗಬಹುದು. ನೋಡಬೇಕಾದದ್ದು ಇಷ್ಟು: ನಡುವೆ ಕಿಟಕಿ ಬಾಗಿಲುಗಳನ್ನು ಕಳೆದು ಐವತ್ತು ಅರವತ್ತು ಅಡಿಯಷ್ಟು ಗೋಡೆ ಸಿಗಬೇಕು, ಚಿತ್ರದಿಂದ ಕನಿಷ್ಠ ಆರೇಳು ಅಡಿ ಹಿಂದೆ ಸರಿದು ನೋಡಲು ಸ್ಥಳವಿರಬೇಕು, ಗೋಡೆಯಲ್ಲಿ ತೇವ ಇರಬಾರದು, ವಯಸ್ಸಾದವರೂ ಗಾಲಿಕುರ್ಚಿಯವರೂ ಒಳಗೆ ಬರುವಂತಿರಬೇಕು, ರಾತ್ರಿ ಬೀಗ ಹಾಕುವಂತಿರಬೇಕು. ಮಾಲೀಕರಿಂದ ಅಥವಾ ಇಲಾಖೆಯಿಂದ ಇಡೀ ವರ್ಷದ ಹನ್ನೆರಡು ದಿನಾಂಕಗಳಿಗೆ ಒಮ್ಮೆಲೇ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಪ್ರತಿ ತಿಂಗಳೂ ಅರ್ಜಿ ಹಿಡಿದು ಅಲೆಯುವುದಾದರೆ ಕೆಲಸ ಮಾಡುವವರ ಉತ್ಸಾಹ ನಾಲ್ಕನೇ ತಿಂಗಳಿಗೆ ಬತ್ತಿಹೋಗುತ್ತದೆ.

ಯಾರ ಕೃತಿಗಳನ್ನು ಇಡಬೇಕು

ನಮ್ಮ ಊರಿನಲ್ಲಿ ಹನ್ನೆರಡು ತಿಂಗಳಿಗೆ ಆಗುವಷ್ಟು ಕಲಾವಿದರು ಎಲ್ಲಿದ್ದಾರೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹುಡುಕಿದರೆ ಸಿಗುತ್ತಾರೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ, ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರು ಕಟ್ಟಿದ ಶಾಲೆ, ಗದಗಿನಲ್ಲಿ ಟಿ. ಪಿ. ಅಕ್ಕಿಯವರು ಬೆಳೆಸಿದ ವಿಜಯ ಕಲಾಮಂದಿರ, ಬೆಂಗಳೂರಿನಲ್ಲಿ ಆರ್. ಎಂ. ಹಡಪದರು ಕಟ್ಟಿದ ಕೆನ್ ಕಲಾಶಾಲೆ, ಇವುಗಳಲ್ಲಿ ಕಲಿತವರು ರಾಜ್ಯದ ತುಂಬ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರಾಗಿದ್ದಾರೆ. ಅವರಿಂದ ಆರಂಭಿಸಿ, ಪ್ರತಿಯೊಬ್ಬರನ್ನೂ 'ನಿಮಗೆ ಗೊತ್ತಿರುವ ಇನ್ನಿಬ್ಬರು ಯಾರು?' ಎಂದು ಕೇಳುತ್ತ ಹೋದರೆ ಪಟ್ಟಿ ತಾನಾಗಿ ಬೆಳೆಯುತ್ತದೆ.

ಆದರೆ ಕಲಾಶಾಲೆಯ ಪ್ರಮಾಣಪತ್ರವನ್ನೇ ಅಳತೆಗೋಲು ಮಾಡಿಕೊಂಡರೆ ಊರಿನ ಅರ್ಧ ಕಲೆ ಹೊರಗೆ ಉಳಿಯುತ್ತದೆ. ಕಂಪನಿ ನಾಟಕಗಳಿಗೆ ರಂಗಪರದೆ ಬರೆದವರು, ಫ್ಲೆಕ್ಸ್ ಬಂದ ಮೇಲೆ ಕುಂಚ ಕೆಳಗಿಟ್ಟ ಬೋರ್ಡ್ ಕಲಾವಿದರು, ಕಿನ್ನಾಳದ ಬಣ್ಣದ ಮರದ ಕೆಲಸದವರು, ಸುರಪುರದ ಸೂಕ್ಷ್ಮಚಿತ್ರದ ಪರಂಪರೆಯನ್ನು ಉಳಿಸಿಕೊಂಡವರು, ಬೀದರಿನ ಬಿದರಿ ಕುಶಲಕರ್ಮಿಗಳು ಎಲ್ಲರೂ ಈ ಗೋಡೆಗೆ ಹಕ್ಕುದಾರರು. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯನ್ನು ಪುಂಡಿ ನಾರಿನ ಕುಂಚದಿಂದ ಎಳೆದು ಬರೆಯುವ ಹಸೆ ಚಿತ್ತಾರದ ಗೆರೆಗಳ ನಿಖರತೆ ಯಾವ ಕಲಾಶಾಲೆಯ ರೇಖಾಭ್ಯಾಸಕ್ಕೂ ಕಡಿಮೆಯದಲ್ಲ. ಅವರನ್ನು ಕರೆಯುವಾಗ 'ಜಾನಪದ ಕಲಾವಿದೆಯರು' ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಸೇರಿಸದೆ, ಪ್ರತಿಯೊಬ್ಬರ ಹೆಸರು ಮತ್ತು ಊರನ್ನು ಚಿತ್ರದ ಪಕ್ಕದಲ್ಲಿ ಬರೆಯಬೇಕು. ಮಿಕ್ಕವರಿಗೆ ಸಿಗುವ ಮರ್ಯಾದೆ ಇವರಿಗೂ ಅದೇ ಗಾತ್ರದ ಅಕ್ಷರದಲ್ಲಿ ಸಿಗಬೇಕೆಂಬುದು ನನ್ನ ಖಂಡಿತವಾದ ಮಾತು.

ಆಯ್ಕೆಗೆ ಮೂವರ ಸಮಿತಿ ಸಾಕು. ಒಬ್ಬರು ಕಲಾವಿದರು, ಒಬ್ಬರು ಶಿಕ್ಷಕರು, ಒಬ್ಬರು ಕಲೆಯ ಹೊರಗಿನವರು ಇದ್ದರೆ ಒಳ್ಳೆಯದು. ಸಮಿತಿಯವರ ಕೃತಿಗಳು ಅವರ ಅವಧಿಯಲ್ಲಿ ಪ್ರದರ್ಶನಕ್ಕೆ ಬರಬಾರದು. ಕಲಾವಿದರಿಂದ ಗೋಡೆಯ ಬಾಡಿಗೆಯನ್ನಾಗಲಿ ಪ್ರವೇಶಧನವನ್ನಾಗಲಿ ಪಡೆಯಬಾರದು, ಏಕೆಂದರೆ ಹಣ ಕೊಡಬಲ್ಲವರ ಪ್ರದರ್ಶನವೆಂಬ ಹೆಸರು ಒಮ್ಮೆ ಅಂಟಿದರೆ ಮತ್ತೆ ಹೋಗುವುದಿಲ್ಲ. ಒಂದು ತಿಂಗಳಿಗೆ ಒಬ್ಬರು ಅಥವಾ ಹೆಚ್ಚೆಂದರೆ ಮೂವರು, ಒಟ್ಟು ಹದಿನೈದರಿಂದ ಇಪ್ಪತ್ತು ಕೃತಿಗಳು. ಹತ್ತು ಕಲಾವಿದರ ಎರಡೆರಡು ಚಿತ್ರಗಳನ್ನು ಒಟ್ಟಿಗೆ ಇಟ್ಟರೆ ಯಾರಿಗೂ ನ್ಯಾಯ ಸಿಗುವುದಿಲ್ಲ, ನೋಡಿದವರಿಗೂ ಒಬ್ಬರ ಹೆಸರೂ ನೆನಪಿನಲ್ಲಿ ಉಳಿಯುವುದಿಲ್ಲ. ಮುಂದಿನ ಆರು ತಿಂಗಳ ಹೆಸರುಗಳು ಯಾವಾಗಲೂ ಗೊತ್ತಿರಬೇಕು. ಒಬ್ಬರಿಗೆ ಅಡಚಣೆಯಾದರೆ ಅವರ ಜಾಗಕ್ಕೆ ಬರಲು ಸಿದ್ಧರಿರುವ ಇನ್ನೊಬ್ಬರನ್ನು ಮೊದಲೇ ಮಾತಾಡಿಸಿ ಇಟ್ಟುಕೊಳ್ಳಬೇಕು.

ಒಂದು ಪುಟದ ಕರಾರು

ನಮ್ಮವರೇ ಅಲ್ಲವೇ ಎಂದು ಬಾಯಿಮಾತಿನಲ್ಲಿ ಮುಗಿಸಿದ ವ್ಯವಹಾರದಿಂದ ಸ್ನೇಹಗಳು ಕೆಡುವುದನ್ನು ಕಲಾವಲಯದಲ್ಲಿ ಇರುವವರೆಲ್ಲ ಬಲ್ಲರು. ಕನ್ನಡದಲ್ಲಿ ಒಂದು ಪುಟದ ಕರಾರುಪತ್ರವನ್ನು ಸಿದ್ಧಪಡಿಸಿ, ಎರಡು ಪ್ರತಿಗಳಿಗೆ ಎರಡೂ ಕಡೆಯವರು ಸಹಿ ಹಾಕಿ. ಅದರಲ್ಲಿ ಪ್ರತಿ ಕೃತಿಯ ಹೆಸರು, ಮಾಧ್ಯಮ, ಅಳತೆ, ಬೆಲೆ ಇರಲಿ. ಚಿತ್ರಕ್ಕೆ ಕಟ್ಟು (ಫ್ರೇಮು) ಹಾಕಿಸುವ ಖರ್ಚು ಮತ್ತು ಸಾಗಾಟದ ಖರ್ಚು ಯಾರದು, ಹಾನಿಯಾದರೆ ಹೊಣೆ ಯಾರದು, ಮಾರಾಟವಾದರೆ ಸಂಘದ ಪಾಲೆಷ್ಟು, ಹಣ ಎಷ್ಟು ದಿನದೊಳಗೆ ಕಲಾವಿದರ ಖಾತೆಗೆ ಸೇರುತ್ತದೆ, ಮಾರಾಟವಾಗದ ಕೃತಿಗಳು ಯಾವ ದಿನ ಹಿಂದಿರುಗುತ್ತವೆ ಎಂಬುದೂ ಇರಲಿ. ಕೃತಿಗಳು ಬಂದ ದಿನವೇ ಪ್ರತಿಯೊಂದರ ಮುಂಭಾಗ, ಹಿಂಭಾಗ ಮತ್ತು ಮೂಲೆಗಳ ಫೋಟೊ ತೆಗೆದಿಟ್ಟರೆ, ಗೀರು ಮೊದಲೇ ಇತ್ತೇ ಇಲ್ಲವೇ ಎಂಬ ವಾದಕ್ಕೆ ಎಡೆಯಿರುವುದಿಲ್ಲ.

ಹಕ್ಕುಸ್ವಾಮ್ಯದ ಬಗ್ಗೆ ಕಲಾವಿದರಿಗೂ ಕೊಳ್ಳುವವರಿಗೂ ತಿಳಿವಳಿಕೆ ಕಡಿಮೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರವನ್ನು ಕೊಂಡವರಿಗೆ ಸಿಗುವುದು ಆ ಚಿತ್ರ ಮಾತ್ರ. ಅದನ್ನು ಕ್ಯಾಲೆಂಡರಿನಲ್ಲೋ ಪುಸ್ತಕದ ಮುಖಪುಟದಲ್ಲೋ ಅಚ್ಚು ಹಾಕುವ ಹಕ್ಕು, ಬರವಣಿಗೆಯಲ್ಲಿ ಬಿಟ್ಟುಕೊಡದ ಹೊರತು, ಕಲಾವಿದರಲ್ಲೇ ಉಳಿಯುತ್ತದೆ. ಹಣ ಕೊಟ್ಟು ಹೇಳಿ ಬರೆಸಿಕೊಂಡ ಚಿತ್ರದ ಲೆಕ್ಕ ಬೇರೆ. ಅಲ್ಲಿ ಬೇರೆ ಕರಾರಿಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ಅದೇ ಕಾಯ್ದೆಯ 57ನೇ ಸೆಕ್ಷನ್ ಕೃತಿಕಾರರೆಂದು ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ, ತಮ್ಮ ಗೌರವಕ್ಕೆ ಧಕ್ಕೆ ತರುವಂತೆ ಕೃತಿಯನ್ನು ತಿದ್ದುವುದನ್ನು ವಿರೋಧಿಸುವ ಹಕ್ಕನ್ನೂ ಕೊಡುತ್ತದೆ. ಮೂಲಚಿತ್ರ ಮುಂದೊಮ್ಮೆ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ ಮೊದಲ ಹಕ್ಕುದಾರರಾದ ಕಲಾವಿದರಿಗೆ ಅದರಲ್ಲಿ ಪಾಲು ಇದೆ ಎಂಬ 53ಎ ಸೆಕ್ಷನ್ ಕೂಡ ಇದೆ. ಆ ಪಾಲು ಶೇಕಡಾ ಹತ್ತನ್ನು ಮೀರುವಂತಿಲ್ಲ. ಆದುದರಿಂದ ಆಮಂತ್ರಣಕ್ಕೆ, ಪತ್ರಿಕೆಗೆ, ಮೊಬೈಲ್ ಸಂದೇಶಕ್ಕೆ ಚಿತ್ರವನ್ನು ಬಳಸಲು ಸಂಘಕ್ಕೂ ಅನುಮತಿ ಬೇಕು. ಆ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಿ.

ಗೋಡೆ, ಎತ್ತರ, ಬೆಳಕು

ಚಿತ್ರಗಳನ್ನು ಬಹಳ ಮೇಲೆ ತೂಗುಹಾಕುವುದು ನಮ್ಮಲ್ಲಿ ಸಾಮಾನ್ಯ. ಹಿರಿಯರ ಫೋಟೊಗಳನ್ನು ಬಾಗಿಲ ಮೇಲೆ ಮುಂದಕ್ಕೆ ಬಾಗಿಸಿ ಹಾಕುವ ರೂಢಿ ಇರುವುದರಿಂದ ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ. ಪ್ರದರ್ಶನದಲ್ಲಿ ಪ್ರತಿ ಚಿತ್ರದ ನಡುಮಧ್ಯ ನೆಲದಿಂದ 57 ಇಂಚಿನಷ್ಟು ಎತ್ತರದಲ್ಲಿ ಬರುವಂತೆ ನೋಡಿಕೊಳ್ಳಿ. ಮೊಳೆ ಎಲ್ಲಿ ಬರಬೇಕೆಂಬುದಕ್ಕೆ ಲೆಕ್ಕ ಹೀಗಿದೆ: ಕಟ್ಟಿನ ಎತ್ತರದ ಅರ್ಧವನ್ನು ತೆಗೆದುಕೊಂಡು, ಹಿಂಬದಿಯ ತಂತಿಯನ್ನು ಬಿಗಿಯಾಗಿ ಎಳೆದಾಗ ಅದರ ತುದಿಗೂ ಕಟ್ಟಿನ ಮೇಲಂಚಿಗೂ ಇರುವ ಅಂತರವನ್ನು ಅದರಿಂದ ಕಳೆದು, ಬಂದುದಕ್ಕೆ 57 ಕೂಡಿಸಬೇಕು. 24 ಇಂಚು ಎತ್ತರದ ಕಟ್ಟಿಗೆ ಅರ್ಧ 12. ತಂತಿ ಮೇಲಂಚಿನಿಂದ 3 ಇಂಚು ಕೆಳಗೆ ಬಂದರೆ ಉಳಿದದ್ದು 9. ಆದ್ದರಿಂದ ಮೊಳೆ ನೆಲದಿಂದ 66 ಇಂಚಿಗೆ. ಬೇರೆ ಬೇರೆ ಗಾತ್ರದ ಚಿತ್ರಗಳಿದ್ದರೂ ಮಧ್ಯರೇಖೆ ಒಂದೇ ಆಗಿರುವುದರಿಂದ ಗೋಡೆ ಶಾಂತವಾಗಿ ಕಾಣುತ್ತದೆ.

ಅಡ್ಡಲಾಗಿ ಹಂಚುವ ಲೆಕ್ಕವೂ ಸುಲಭ. 20 ಅಡಿ ಗೋಡೆ ಎಂದರೆ 240 ಇಂಚು. 24 ಇಂಚು ಅಗಲದ ಐದು ಚಿತ್ರಗಳು 120 ಇಂಚು ತಿನ್ನುತ್ತವೆ. ಉಳಿದ 120 ಇಂಚನ್ನು ನಡುವಿನ ನಾಲ್ಕು ಮತ್ತು ತುದಿಗಳ ಎರಡು ಎಂದು ಆರು ಖಾಲಿ ಜಾಗಗಳಿಗೆ ಹಂಚಿದರೆ ತಲಾ 20 ಇಂಚು. ಮೊಳೆ ಹೊಡೆಯುವ ಮೊದಲು ಎಲ್ಲ ಚಿತ್ರಗಳನ್ನೂ ಗೋಡೆಯ ಕೆಳಗೆ, ನೆಲದ ಮೇಲೆ ಬಟ್ಟೆ ಹಾಸಿ, ಒರಗಿಸಿ ನಿಲ್ಲಿಸಿ ಕ್ರಮವನ್ನು ನಿಶ್ಚಯಿಸಿ. ಕಲಾವಿದರು ಅಲ್ಲಿಯೇ ಇರಲಿ, ಆದರೆ ಕೊನೆಯ ತೀರ್ಮಾನವನ್ನು ಅವರೊಬ್ಬರಿಗೇ ಬಿಡಬೇಡಿ. ತಾವು ಬರೆದ ಕಾಲಕ್ರಮದಲ್ಲಿ ಅವರು ಜೋಡಿಸಲು ಬಯಸುತ್ತಾರೆ, ನೋಡುವವರ ಕಣ್ಣಿಗೆ ಬೇಕಾದ ಕ್ರಮ ಬೇರೆಯೇ ಇರಬಹುದು. ಬಾಗಿಲಿನಿಂದ ಒಳಗೆ ಬಂದಾಗ ಮೊದಲು ಕಾಣುವ ಎದುರು ಗೋಡೆಗೆ ಅವರ ಅತ್ಯಂತ ಗಟ್ಟಿಯಾದ ಕೃತಿಯೊಂದನ್ನೇ, ಪಕ್ಕದಲ್ಲಿ ಬೇರೇನನ್ನೂ ಇಡದೆ, ಹಾಕಿರಿ.

ಸರ್ಕಾರಿ ಕಟ್ಟಡಗಳಲ್ಲಿ ಮೊಳೆ ಹೊಡೆಯಲು ಒಪ್ಪಿಗೆ ಸಿಗುವುದಿಲ್ಲ, ಹಳೆಯ ಮಣ್ಣಿನ ಗೋಡೆಯಲ್ಲಿ ಮೊಳೆ ನಿಲ್ಲುವುದೂ ಇಲ್ಲ. ಗೋಡೆಯ ಮೇಲ್ತುದಿಯಲ್ಲಿ ಒಮ್ಮೆ ಒಂದು ಮರದ ಪಟ್ಟಿಯನ್ನೋ ಅಲ್ಯೂಮಿನಿಯಂ ಹಳಿಯನ್ನೋ ಕೂರಿಸಿ, ಅದರಿಂದ ತೆಳು ಉಕ್ಕಿನ ತಂತಿಗಳನ್ನು ಇಳಿಬಿಟ್ಟರೆ ವರ್ಷಗಟ್ಟಲೆ ಮೊಳೆಯ ಗೊಡವೆ ಇರುವುದಿಲ್ಲ. ಅದೂ ಆಗದಿದ್ದರೆ 8 ಅಡಿಗೆ 4 ಅಡಿಯ ಪ್ಲೈವುಡ್ ಹಲಗೆಗಳನ್ನು ಎರಡೆರಡಾಗಿ ಕೀಲುಪಟ್ಟಿಯಿಂದ ಜೋಡಿಸಿ, ತೆರೆದಿಟ್ಟ ಪುಸ್ತಕದಂತೆ ಕೋನದಲ್ಲಿ ನಿಲ್ಲಿಸಿದರೆ ಅವು ಬೀಳುವುದಿಲ್ಲ. ಮಾಸಲು ಬಿಳಿಯ ಬಣ್ಣ ಬಳಿದರೆ ಎರಡು ಬದಿಗೂ ಚಿತ್ರ ಹಾಕಬಹುದು. ಪರದೆಗೆ ಹೊಳೆಯುವ ಸ್ಯಾಟಿನ್ ಬಟ್ಟೆ, ಹೂವಿನ ತೋರಣ, ಬಣ್ಣದ ದೀಪಗಳು ಬೇಡ. ಮದುವೆ ಮನೆಯ ಸಡಗರದ ನಡುವೆ ಜಲವರ್ಣದ ತೆಳು ಬೂದುಬಣ್ಣ ಕಣ್ಣಿಗೆ ನಿಲುಕುವುದಿಲ್ಲ.

ಬೆಳಕಿಗೆ ಖರ್ಚು ಮಾಡಿದ ಹಣ ಎಂದೂ ವ್ಯರ್ಥವಲ್ಲ. ಸೂರಿನ ಟ್ಯೂಬ್‌ಲೈಟು ಗಾಜಿನಲ್ಲಿ ಪ್ರತಿಫಲಿಸಿ ಚಿತ್ರವನ್ನು ಮುಚ್ಚಿಬಿಡುತ್ತದೆ, ಬಣ್ಣಗಳನ್ನೂ ಸಪ್ಪೆಯಾಗಿಸುತ್ತದೆ. ಸಣ್ಣ ಎಲ್‌ಇಡಿ ಸ್ಪಾಟ್ ದೀಪಗಳನ್ನು ಗೋಡೆಯಿಂದ ಮೂರ್ನಾಲ್ಕು ಅಡಿ ದೂರದಲ್ಲಿ ಸೂರಿಗೆ ಕಟ್ಟಿ, ಲಂಬರೇಖೆಗೆ ಸುಮಾರು 30 ಡಿಗ್ರಿ ಕೋನದಲ್ಲಿ ಬೆಳಕು ಬೀಳುವಂತೆ ತಿರುಗಿಸಿ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆಗಳನ್ನು ನೋಡಿ: ಬಣ್ಣಗಳನ್ನು ನಿಜವಾಗಿ ತೋರಿಸುವ ಗುಣವನ್ನು ಹೇಳುವ ಸಿಆರ್‌ಐ 90ಕ್ಕಿಂತ ಹೆಚ್ಚಿರಬೇಕು, ಬೆಳಕಿನ ಬಣ್ಣ 3000 ಕೆಲ್ವಿನ್ ಆಸುಪಾಸಿನಲ್ಲಿರಬೇಕು. ವಸ್ತುಸಂಗ್ರಹಾಲಯಗಳು ಕಾಗದ, ಜಲವರ್ಣ ಮತ್ತು ಬಣ್ಣ ಹಾಕಿದ ಬಟ್ಟೆಗಳಿಗೆ 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ), ತೈಲವರ್ಣಗಳಿಗೆ 200 ಲಕ್ಸ್ ಎಂಬ ಮಿತಿಯನ್ನು ಪಾಲಿಸುತ್ತವೆ. ನಿಮ್ಮದು ಕೆಲವೇ ದಿನಗಳ ಪ್ರದರ್ಶನವಾದ್ದರಿಂದ ಅಷ್ಟು ಕಟ್ಟುನಿಟ್ಟು ಬೇಡವಾದರೂ ಕಿಟಕಿಯ ನೇರ ಬಿಸಿಲು ಯಾವ ಕೃತಿಯ ಮೇಲೂ ಬೀಳಕೂಡದು. ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಗಳಲ್ಲಿ ಉಬ್ಬುಕೆಲಸದ ಮೇಲೆ ಹಚ್ಚಿದ ಚಿನ್ನದ ರೇಕು, ಬಿದರಿಯ ಕಪ್ಪು ಮೈಯೊಳಗಿನ ಬೆಳ್ಳಿಯ ಗೆರೆ, ಇವು ಎದುರಿನ ಬೆಳಕಿಗಿಂತ ಓರೆಯಾಗಿ ಬೀಳುವ ಬೆಳಕಿನಲ್ಲಿ ಜೀವ ತಳೆಯುತ್ತವೆ. ಅಂಗೈಯಗಲದ ಗಂಜೀಫಾ ಎಲೆಗಳನ್ನು, ಅಂದರೆ ಚಿತ್ರ ಬರೆದ ಆಟದ ಎಲೆಗಳನ್ನು, ಗೋಡೆಗೆ ಹಾಕದೆ, ಮೇಜಿನ ಮೇಲೆ ಗಾಜಿನಡಿ ಇಟ್ಟು, ಪಕ್ಕದಲ್ಲಿ ಒಂದೆರಡು ಭೂತಗನ್ನಡಿಗಳನ್ನು ಇಡಿ. ವಿದ್ಯುತ್ ಹೋಗುವ ಸಾಧ್ಯತೆ ಇರುವುದರಿಂದ ಸ್ಪಾಟ್ ದೀಪಗಳ ಸಾಲನ್ನು ಯುಪಿಎಸ್‌ಗೆ ಜೋಡಿಸಿಟ್ಟುಕೊಳ್ಳಿ.

ಚಿತ್ರದ ಬಲಬದಿಯಲ್ಲಿ ಸಣ್ಣ ಚೀಟಿ ಇರಲಿ: ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಮಾಧ್ಯಮ, ಅಳತೆ, ಬೆಲೆ. ಕನ್ನಡ ಮೊದಲು ಬರಲಿ, ಅಕ್ಷರ ಕನ್ನಡಕ ಮರೆತು ಬಂದವರಿಗೂ ಓದುವಂತಿರಲಿ.

ಮಳೆಗಾಲದ ತಿಂಗಳುಗಳು

ಮಲೆನಾಡಿನಲ್ಲೂ ಕರಾವಳಿಯಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರದರ್ಶನವನ್ನು ನಿಲ್ಲಿಸಬೇಕಾಗಿಲ್ಲ, ಆದರೆ ಏನನ್ನು ಪ್ರದರ್ಶಿಸುತ್ತೀರಿ ಎಂಬುದನ್ನು ಯೋಚಿಸಬೇಕು. ಗಾಳಿಯ ತೇವಾಂಶ ಬಹುಕಾಲ ಶೇಕಡಾ 65ನ್ನು ಮೀರಿ ನಿಂತರೆ ಕಾಗದಕ್ಕೂ ಕ್ಯಾನ್ವಾಸಿಗೂ ಬೂಷ್ಟು ಹಿಡಿಯುತ್ತದೆ. ಈ ತಿಂಗಳುಗಳನ್ನು ಸುಟ್ಟಮಣ್ಣು, ಕಲ್ಲು, ಮರ ಮತ್ತು ಲೋಹದ ಕೆಲಸಗಳಿಗೆ, ಸುಲಭವಾಗಿ ಮತ್ತೆ ಮುದ್ರಿಸಬಹುದಾದ ಛಾಯಾಚಿತ್ರಗಳಿಗೆ ಮೀಸಲಿಟ್ಟು, ಜಲವರ್ಣ ಮತ್ತು ರೇಖಾಚಿತ್ರಗಳನ್ನು ನವೆಂಬರಿನಿಂದ ಮಾರ್ಚಿಯವರೆಗಿನ ಒಣ ದಿನಗಳಿಗೆ ಉಳಿಸಿಕೊಳ್ಳುವುದು ಲೇಸು. ಕಾಗದದ ಕೃತಿಗಳನ್ನು ಹಾಕಲೇಬೇಕಾದರೆ ಕಟ್ಟಿನ ಹಿಂಬದಿಯ ಕೆಳಮೂಲೆಗಳಿಗೆ ರಬ್ಬರಿನ ಅಥವಾ ಬೆಂಡಿನ ತುಣುಕು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುವಂತೆ ಮಾಡಿ; ಚಿತ್ರ ಗಾಜಿಗೆ ನೇರವಾಗಿ ತಾಗದಂತೆ ಆಮ್ಲರಹಿತ ಮೌಂಟ್ ಬೋರ್ಡ್ ಹಾಕಿಸಿ. ಸಾಗಿಸುವಾಗ ಮಳೆಗೆ ಪ್ಲಾಸ್ಟಿಕ್ ಹೊದಿಸುವುದು ಅನಿವಾರ್ಯ, ಆದರೆ ತಲುಪಿದ ಕೂಡಲೇ ಬಿಚ್ಚಬೇಕು, ಇಲ್ಲದಿದ್ದರೆ ಒಳಗೆ ಸಿಕ್ಕ ತೇವವೇ ಚಿತ್ರವನ್ನು ಕೆಡಿಸುತ್ತದೆ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಲು ಹೋಗದೆ, ಆ ಕೃತಿಯನ್ನು ಮಿಕ್ಕವುಗಳಿಂದ ಬೇರೆ ಮಾಡಿ, ಒಣಗಾಳಿಯಲ್ಲಿಟ್ಟು, ತಿಳಿದವರನ್ನು ಕೇಳಿರಿ.

ಉದ್ಘಾಟನೆಯ ಸಂಜೆ

ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಮುಖ್ಯ ಅತಿಥಿಗಳ ಮಾತು, ಸನ್ಮಾನ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಎಂಬ ಕ್ರಮ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಎರಡು ಗಂಟೆ ಕಾಲ ಪ್ರೇಕ್ಷಕರು ಚಿತ್ರಗಳಿಗೆ ಬೆನ್ನು ಹಾಕಿ ಕುಳಿತು, ಮುಗಿದ ಮೇಲೆ ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಹೊರಡುತ್ತಾರೆ. ಕಲಾವಿದರು ಅಷ್ಟು ಹೊತ್ತೂ ವೇದಿಕೆಯ ಮೇಲೆ ಕೊನೆಯ ಕುರ್ಚಿಯಲ್ಲಿ ಕುಳಿತಿರುತ್ತಾರೆ. ವರ್ಷಗಟ್ಟಲೆ ಬರೆದ ಚಿತ್ರಗಳನ್ನು ಊರಿನವರು ನೋಡುವುದಕ್ಕೆ ಸಿಕ್ಕ ಒಂದು ಸಂಜೆ ಹೀಗೆ ಕಳೆಯುವುದು ನನಗೆ ನೋವಿನ ವಿಷಯ. ಆದುದರಿಂದ ವೇದಿಕೆಯನ್ನು ಹಾಕಬೇಡಿ, ಸಾಲು ಕುರ್ಚಿಗಳನ್ನೂ ಹಾಕಬೇಡಿ. ಹಿರಿಯರಿಗಾಗಿ ಗೋಡೆಯ ಬದಿಗಲ್ಲದೆ ಕೋಣೆಯ ನಡುವೆ ನಾಲ್ಕಾರು ಬೆಂಚುಗಳಿದ್ದರೆ ಸಾಕು. ಕುರ್ಚಿ ಇಲ್ಲದಿದ್ದರೆ ಜನ ನಿಲ್ಲುತ್ತಾರೆ, ನಿಂತವರು ನಡೆಯುತ್ತಾರೆ, ನಡೆದವರು ಚಿತ್ರದ ಮುಂದೆ ಬರುತ್ತಾರೆ.

ಸಂಜೆಯ ಕ್ರಮ ಹೀಗಿರಬಹುದು. ಐದು ಗಂಟೆಗೆ ಬಾಗಿಲು ತೆರೆಯಲಿ, ಮುಕ್ಕಾಲು ಗಂಟೆ ಯಾರೂ ಮಾತಾಡದೆ ಬಂದವರು ತಮ್ಮಷ್ಟಕ್ಕೆ ನೋಡಲಿ. ಐದೂ ಮುಕ್ಕಾಲಕ್ಕೆ ಸಂಘದ ಒಬ್ಬರು ಎರಡೇ ನಿಮಿಷದಲ್ಲಿ ಕಲಾವಿದರನ್ನು ಪರಿಚಯಿಸಲಿ. ಅಲ್ಲಿಂದ ಮುಂದೆ ಕಲಾವಿದರು ಚಿತ್ರದಿಂದ ಚಿತ್ರಕ್ಕೆ ನಡೆಯುತ್ತ, ಬಂದವರನ್ನು ಜೊತೆಗೆ ಕರೆದುಕೊಂಡು, ನಾಲ್ಕೈದು ಕೃತಿಗಳ ಬಗ್ಗೆ ಮಾತ್ರ ಮಾತಾಡಲಿ. ಅನೇಕ ಕಲಾವಿದರಿಗೆ ಮಾತು ಬರುವುದಿಲ್ಲ, ಅಥವಾ ಮಾತು ಬೇಕಿಲ್ಲವೆಂದು ಅವರು ಭಾವಿಸುತ್ತಾರೆ. ಅಂಥವರನ್ನು 'ಈ ಚಿತ್ರದ ಅರ್ಥವೇನು?' ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. 'ಈ ಕೆಂಪನ್ನು ಹೇಗೆ ತಂದಿರಿ?', 'ಇದನ್ನು ಎಲ್ಲಿ ಕುಳಿತು ಬರೆದಿರಿ?', 'ಮೊದಲು ಎಳೆದ ಗೆರೆ ಯಾವುದು?', 'ಯಾವ ಜಾಗದಲ್ಲಿ ಕೈ ತಡೆಯಿತು?' ಎಂದು ಕೆಲಸದ ಬಗ್ಗೆ ಕೇಳಿದರೆ ಅವರೇ ಅರ್ಧ ಗಂಟೆ ಮಾತಾಡುತ್ತಾರೆ. ಇಂಥ ಪ್ರಶ್ನೆಗಳನ್ನು ಕೇಳಲು ಒಬ್ಬರನ್ನು ಮೊದಲೇ ಸಿದ್ಧಪಡಿಸಿ. ಅವರು ಹಿಂದಿನ ವಾರ ಕಲಾವಿದರ ಮನೆಗೆ ಹೋಗಿ ಚಿತ್ರಗಳನ್ನು ನೋಡಿ ಬಂದಿರಲಿ. ಹಸೆ ಚಿತ್ತಾರದವರನ್ನೋ ಕಿನ್ನಾಳದವರನ್ನೋ ಕರೆದಾಗ ಮಾತಿಗಿಂತ ಕೈಕೆಲಸಕ್ಕೆ ಹೆಚ್ಚು ಹೊತ್ತು ಕೊಡಿ. ಸಾರಿಸಿದ ಒಂದು ಹಲಗೆಯ ಮೇಲೆ ಅವರು ಬರೆಯುವುದನ್ನು ಸುತ್ತ ನಿಂತು ನೋಡುವುದೇ ಅಂದಿನ ಉದ್ಘಾಟನೆಯಾಗುತ್ತದೆ.

ಗಣ್ಯರನ್ನು ಕರೆಯಲೇಬಾರದೆಂದು ನಾನು ಹೇಳುತ್ತಿಲ್ಲ. ಶಾಸಕರೂ ಅಧಿಕಾರಿಗಳೂ ಬಂದರೆ ಕಟ್ಟಡದ ಒಪ್ಪಿಗೆಗೂ ಮುಂದಿನ ನೆರವಿಗೂ ಅನುಕೂಲವೆಂಬುದು ನಿಜ. ಅವರನ್ನು ನೋಡುಗರಾಗಿ ಆಮಂತ್ರಿಸಿ, ಕಲಾವಿದರ ಪಕ್ಕದಲ್ಲಿ ನಡೆಯಲು ಕೋರಿ, ಭಾಷಣವಿರುವುದಿಲ್ಲವೆಂದು ಪತ್ರದಲ್ಲೇ ವಿನಯದಿಂದ ತಿಳಿಸಿ. ಪ್ರದರ್ಶನವನ್ನು ತೆರೆಯುವ ಗೌರವವನ್ನು ಆ ಕೃತಿಗಳಿಗೆ ಸಂಬಂಧಪಟ್ಟವರಿಗೆ ಕೊಡಿ: ಕಲಾವಿದರಿಗೆ ಮೊದಲು ಬಣ್ಣ ಹಿಡಿಸಿದ ಗುರುಗಳು, ವರ್ಷಗಳಿಂದ ಅವರ ಚಿತ್ರಗಳಿಗೆ ಕಟ್ಟು ಹಾಕಿಕೊಟ್ಟವರು, ಚಿತ್ರದಲ್ಲಿರುವ ಹಳ್ಳಿಯ ಒಬ್ಬ ಹಿರಿಯರು. ದೀಪ ಹಚ್ಚುವುದಾದರೆ ಬಾಗಿಲ ಹೊರಗೆ ಹಚ್ಚಿ. ಎಣ್ಣೆಯ ಹೊಗೆಯೂ ಕಿಡಿಯೂ ಚಿತ್ರಗಳ ಹತ್ತಿರ ಬೇಡ. ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆಗಳಿಗೆ ಹೋಗುವ ಹಣವನ್ನು ಪ್ರತಿ ತಿಂಗಳೂ ಒಂದು ಡಬ್ಬಿಯಲ್ಲಿ ಕೂಡಿಡುತ್ತ ಬಂದು, ವರ್ಷದ ಕೊನೆಗೆ ಆ ವರ್ಷದ ಪ್ರದರ್ಶನಗಳಿಂದ ಒಂದು ಕೃತಿಯನ್ನು ಕೊಂಡು ಊರಿನ ಗ್ರಂಥಾಲಯದ ಗೋಡೆಗೆ ಹಾಕಿ. ಕಲಾವಿದರಿಗೆ ಇದಕ್ಕಿಂತ ದೊಡ್ಡ ಸನ್ಮಾನ ನನಗೆ ತೋಚುತ್ತಿಲ್ಲ.

ಚಹಾ ಇರಲೇಬೇಕು, ಏಕೆಂದರೆ ಚಿತ್ರ ನೋಡಿದವರು ಅದರ ಬಗ್ಗೆ ಮಾತಾಡುವುದು ಚಹಾದ ಲೋಟ ಕೈಯಲ್ಲಿದ್ದಾಗ. ಹುಬ್ಬಳ್ಳಿ, ಧಾರವಾಡದ ಕಡೆಯಾದರೆ ಗಿರ್ಮಿಟ್ಟು ಮಿರ್ಚಿಯೂ ಇರಲಿ. ಆದರೆ ಅದೆಲ್ಲ ಹೊರಗಿನ ಅಂಗಳದಲ್ಲಿ, ಕೈ ತೊಳೆಯುವ ನೀರಿನ ಪಕ್ಕದಲ್ಲಿ. ಎಣ್ಣೆಗೈ ಕ್ಯಾನ್ವಾಸಿಗೆ ತಾಗಿದರೆ ಆ ಕಲೆ ಹೋಗುವುದಿಲ್ಲ. ಮಕ್ಕಳಿಗೆ ಕೋಣೆಯ ಒಂದು ಮೂಲೆಯಲ್ಲಿ ಕಾಗದ, ಪೆನ್ಸಿಲು, ಬಣ್ಣ ಇಟ್ಟು, ಗೋಡೆಯ ಮೇಲಿನ ಯಾವುದಾದರೂ ಒಂದು ಚಿತ್ರವನ್ನು ಆರಿಸಿಕೊಂಡು ತಮಗೆ ಕಂಡಂತೆ ಬರೆಯಲು ಹೇಳಿ. ಮರುದಿನ ಅವರು ತಮ್ಮ ಮನೆಯವರನ್ನೂ ಕರೆತರುತ್ತಾರೆ.

ಪ್ರಚಾರಕ್ಕೆ ಹೆಚ್ಚು ಹೇಳಬೇಕಾದದ್ದಿಲ್ಲ. ಒಂದು ವಾರ ಮೊದಲು ಸ್ಥಳೀಯ ಪತ್ರಿಕೆಗಳ ಇಂದಿನ ಕಾರ್ಯಕ್ರಮಗಳ ಅಂಕಣಕ್ಕೆ ಪ್ರಕಟಣೆ, ವಾಟ್ಸ್ಆ್ಯಪ್ ಗುಂಪುಗಳಿಗೆ ಒಂದು ಚಿತ್ರದೊಡನೆ ಸಂದೇಶ, ಬಸ್ ನಿಲ್ದಾಣದ ಹೋಟೆಲಿನಲ್ಲಿ, ಗ್ರಂಥಾಲಯದಲ್ಲಿ, ಕಾಲೇಜುಗಳಲ್ಲಿ ಒಂದೊಂದು ಭಿತ್ತಿಪತ್ರ. ಫ್ಲೆಕ್ಸ್ ಹಾಕಿಸುವ ಬದಲು ಊರಿನ ಬೋರ್ಡ್ ಕಲಾವಿದರಿಂದ ಬಟ್ಟೆಯ ಮೇಲೆ ಕೈಯಲ್ಲಿ ಬರೆಸಿದ ಫಲಕವನ್ನು ಬಾಗಿಲಿಗೆ ಕಟ್ಟಿದರೆ, ಪ್ರತಿ ತಿಂಗಳೂ ದಿನಾಂಕ ಮತ್ತು ಹೆಸರನ್ನಷ್ಟೇ ಬದಲಿಸಿ ಬರೆಸಬಹುದು, ಅವರಿಗೂ ಕೆಲಸ ಸಿಗುತ್ತದೆ.

ಬೆಲೆ, ಮಾರಾಟ, ಸಂಘದ ಖರ್ಚು

ಮೊದಲ ವರ್ಷ ಮಾರಾಟದ ಮೇಲೆ ಆಸೆ ಇಟ್ಟುಕೊಳ್ಳಬೇಡಿ, ಆದರೆ ಬೆಲೆಯನ್ನು ಬರೆಯದೆ ಇರಬೇಡಿ. ಬೆಲೆ ಕೇಳಲು ಸಂಕೋಚಪಡುವವರೇ ನಮ್ಮಲ್ಲಿ ಹೆಚ್ಚು. ಚೀಟಿಯಲ್ಲಿ ಅಂಕಿ ಇದ್ದರೆ ಶಿಕ್ಷಕರೊಬ್ಬರು ಮನಸ್ಸಿನಲ್ಲೇ ಲೆಕ್ಕ ಹಾಕಿ ಮುಂದಿನ ತಿಂಗಳ ಸಂಬಳಕ್ಕೆ ಕೊಳ್ಳುವ ನಿರ್ಧಾರ ಮಾಡುತ್ತಾರೆ. ಪ್ರದರ್ಶನದಲ್ಲಿ ಒಂದು ಬೆಲೆ, ಮನೆಯಲ್ಲಿ ಇನ್ನೊಂದು ಬೆಲೆ ಎಂಬುದು ಇರಬಾರದೆಂದು ಕಲಾವಿದರಿಗೆ ಸ್ಪಷ್ಟವಾಗಿ ತಿಳಿಸಿ. ದೊಡ್ಡ ಕೃತಿಗಳ ಜೊತೆಗೆ ಐನೂರು, ಸಾವಿರ ರೂಪಾಯಿಯ ಸಣ್ಣ ರೇಖಾಚಿತ್ರಗಳನ್ನೋ ಲಿನೋ ಮುದ್ರಣಗಳನ್ನೋ ಒಂದು ಮೇಜಿನ ಮೇಲೆ ಇಡಲು ಹೇಳಿ; ಮೊದಲ ಬಾರಿಗೆ ಮೂಲಕೃತಿಯನ್ನು ಕೊಳ್ಳುವವರು ಅಲ್ಲಿಂದಲೇ ಆರಂಭಿಸುತ್ತಾರೆ. ಮಾರಾಟವಾದ ಚಿತ್ರದ ಚೀಟಿಗೆ ಕೆಂಪು ಚುಕ್ಕೆ ಅಂಟಿಸಿ, ರಸೀದಿ ಬರೆದು, ಚಿತ್ರವನ್ನು ಪ್ರದರ್ಶನ ಮುಗಿದ ಮೇಲೆ ಕೊಡಿ. ನಗರದ ಖಾಸಗಿ ಗ್ಯಾಲರಿಗಳು ಬೆಲೆಯ ಮೂರನೇ ಒಂದರಿಂದ ಅರ್ಧದವರೆಗೂ ಪಾಲು ಪಡೆಯುವುದುಂಟು. ಊರಿನ ಸಂಘ ಶೇಕಡಾ ಹತ್ತಕ್ಕೆ ತೃಪ್ತಿಪಡಬೇಕು, ಸಾಧ್ಯವಾದರೆ ಅದನ್ನೂ ಬಿಡಬೇಕು.

ಖರ್ಚು ಅಷ್ಟೇನೂ ದೊಡ್ಡದಲ್ಲ. ದೀಪ, ಹಳಿ, ಹಲಗೆಗಳು ಒಮ್ಮೆ ಮಾಡುವ ಖರ್ಚು. ಆಮೇಲೆ ತಿಂಗಳಿಗೆ ಬೇಕಾಗುವುದು ಸಾಗಾಟ, ಚೀಟಿಗಳ ಮುದ್ರಣ, ಚಹಾ, ಕಾವಲುಗಾರರ ಸಂಬಳ. ಇಪ್ಪತ್ತು ಮನೆಗಳು ತಿಂಗಳಿಗೆ ಐನೂರು ರೂಪಾಯಿ ಕೊಟ್ಟರೆ ಹತ್ತು ಸಾವಿರವಾಗುತ್ತದೆ, ಅಷ್ಟರಲ್ಲಿ ಕಾರ್ಯಕ್ರಮ ನಡೆಯುತ್ತದೆ. ಏಳು ಜನ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವನ್ನು ನೋಂದಾಯಿಸಿ, ಅದರ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಬಹುದು. ನೋಂದಣಿ ಮತ್ತು ಸರಿಯಾದ ಲೆಕ್ಕಪತ್ರಗಳಿದ್ದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕುವ ದಾರಿಯೂ ತೆರೆದಿರುತ್ತದೆ. ಆ ಹಣ ಬಂದರೆ ಬೆಳಕಿಗೋ ಪುಸ್ತಕಕ್ಕೋ ಬಳಸಿ; ತಿಂಗಳ ಖರ್ಚನ್ನು ಅದರ ಮೇಲೆ ನಿಲ್ಲಿಸಿದರೆ ಅನುದಾನ ತಡವಾದ ವರ್ಷ ಪ್ರದರ್ಶನವೂ ನಿಲ್ಲುತ್ತದೆ.

ಮುಗಿದ ಮೇಲಿನ ಕೆಲಸ

ಕೆಳಗಿಳಿಸುವ ದಿನಕ್ಕೆ ಉತ್ಸಾಹ ಕಡಿಮೆ ಇರುತ್ತದೆ, ಆದರೆ ಕೃತಿಗಳಿಗೆ ಹಾನಿಯಾಗುವ ಭಯ ಹೆಚ್ಚಾಗಿರುವುದು ಅಂದೇ. ಇಬ್ಬರು ಹಿಡಿದು ಇಳಿಸಬೇಕು, ಗಾಜಿಗೆ ಗಾಜು ಎದುರಾಗುವಂತೆ ನಡುವೆ ರಟ್ಟನ್ನಿಟ್ಟು ಜೋಡಿಸಬೇಕು, ಮೊದಲು ತೆಗೆದ ಫೋಟೊಗಳೊಡನೆ ಹೋಲಿಸಿ ನೋಡಿ, ಪಟ್ಟಿಯಲ್ಲಿ ಗುರುತು ಹಾಕಿ, ಕಲಾವಿದರ ಸಹಿ ಪಡೆದು ಒಪ್ಪಿಸಬೇಕು. ಮಾರಾಟದ ಹಣ ಹದಿನೈದು ದಿನದೊಳಗೆ ಅವರ ಖಾತೆಗೆ ಸೇರಬೇಕು.

ಪ್ರತಿ ಪ್ರದರ್ಶನಕ್ಕೂ ಒಂದು ಕಡತ ಇಡಿ: ಕೃತಿಗಳ ಪಟ್ಟಿ, ಒಳ್ಳೆಯ ಬೆಳಕಿನಲ್ಲಿ ತೆಗೆದ ಫೋಟೊಗಳು, ಕಲಾವಿದರು ಅಂದು ಆಡಿದ ಮಾತುಗಳ ಧ್ವನಿಮುದ್ರಣ, ಬಂದವರು ಬರೆದ ಅಭಿಪ್ರಾಯದ ಪುಸ್ತಕ. ಜಿಲ್ಲೆಗಳ ಕಲಾಚರಿತ್ರೆಯನ್ನು ಬರೆಯಲು ಹೊರಟವರಿಗೆ ಸಿಗದೆ ಇರುವುದು ಇಂಥ ದಾಖಲೆಗಳೇ. ಯಾವ ಶಿಕ್ಷಕರು ಯಾವ ವರ್ಷ ಏನು ಬರೆದರು, ಯಾರ ಬಳಿ ಕಲಿತರು ಎಂಬುದು ಅವರ ಮನೆಯವರಿಗೂ ತಿಳಿಯದೆ ಹೋಗಿರುತ್ತದೆ. ವರ್ಷದ ಕೊನೆಗೆ ಹನ್ನೆರಡು ಕಡತಗಳಿಂದ ಒಂದು ಸಣ್ಣ ಪುಸ್ತಿಕೆ ಮಾಡಿ, ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೂ ಇನ್ನೊಂದನ್ನು ಬೆಂಗಳೂರಿನ ಕರ್ನಾಟಕ ಲಲಿತಕಲಾ ಅಕಾಡೆಮಿಗೂ ಕಳುಹಿಸಿ. ಪ್ರತಿ ಪ್ರದರ್ಶನ ಮುಗಿದ ವಾರದಲ್ಲೇ ಸಮಿತಿ ಸೇರಿ, ಮುಂದಿನ ತಿಂಗಳ ಕಲಾವಿದರ ಮನೆಗೆ ಹೋಗುವ ದಿನವನ್ನು ಗೊತ್ತುಮಾಡಿ, ಅವರ ಚಿತ್ರಗಳ ಅಳತೆ ತರಲು ಟೇಪು ಹಿಡಿದು ಹೊರಡಲಿ.